ಬದುವಿನ ಹೊಂಗೆ, ಕಾವಲಿನ ಹುಲ್ಲು

ಕಡೂರು, ತರೀಕೆರೆ, ಅಜ್ಜಂಪುರದ ಮಕ್ಕಳೇ, ಈಗ ಬಂಕಿನಲ್ಲಿ ನಿಮ್ಮ ಗಾಡಿಗೆ ಹಾಕುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥೆನಾಲ್. 2030ಕ್ಕೆ ಎಂದಿದ್ದ ಶೇ. 20ರ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಅದರಲ್ಲಿ ಮೆಕ್ಕೆಜೋಳದ ಪಾಲು ದೊಡ್ಡದು. ನಮ್ಮ ಜೋಳಕ್ಕೆ ಕೋಳಿ ಫಾರಂ ಬಿಟ್ಟು ಇನ್ನೊಬ್ಬ ಗಿರಾಕಿ ಸಿಕ್ಕಿದ್ದು ಒಳ್ಳೆಯದೇ. ಸಾಲ ಮಾಡಿ ಬಿತ್ತುವವನಿಗೆ ಆ ಬೆಲೆ ಏನೆಂದು ನನಗೆ ಗೊತ್ತು. ಆದರೆ ‘ಗಿಡದಿಂದ ಬಂದದ್ದು, ಹಾಗಾಗಿ ಪರಿಸರಕ್ಕೆ ಒಳ್ಳೆಯದು’ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ತಲೆಯಾಡಿಸಬೇಡಿ. ಯಾವ ನೆಲದಲ್ಲಿ ಬೆಳೆಯಿತು, ಯಾವ ನೀರು ಕುಡಿಯಿತು, ಮೊದಲು ಆ ನೆಲದಲ್ಲಿ ಏನಿತ್ತು ಎಂದು ಕೇಳಿ.

ಲೆಕ್ಕ ನೀವೇ ಹಾಕಿ. ಒಂದು ಕ್ವಿಂಟಲ್ ಮೆಕ್ಕೆಜೋಳಕ್ಕೆ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ. ಬೈಕಿಗೆ 10 ಲೀಟರ್ ಪೆಟ್ರೋಲ್ ಹಾಕಿಸಿದರೆ ಅದರಲ್ಲಿ 2 ಲೀಟರ್ ಎಥೆನಾಲ್. ಅದು ಜೋಳದ್ದೇ ಆದರೆ ಐದು ಕಿಲೋಗೂ ಮೇಲೆ ಕಾಳು ಬೇಕು. ಗಾಡಿ ಉಗುಳುವ ಇಂಗಾಲವನ್ನು ಬೆಳೆ ಮೊದಲೇ ಗಾಳಿಯಿಂದ ಹೀರಿಕೊಂಡಿತ್ತು ಎನ್ನುವುದು ನಿಜ. ಆದರೆ ಯೂರಿಯಾ ತಯಾರಿಸಲು ನೈಸರ್ಗಿಕ ಅನಿಲ ಸುಡುತ್ತದೆ. ಹೊಲಕ್ಕೆ ಎರಚಿದ ಯೂರಿಯಾದ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು. ಡಿಸ್ಟಿಲರಿಯ ಬಾಯ್ಲರಿಗೆ ಹಾಕಿದ್ದು ಕಲ್ಲಿದ್ದಲೋ ಕೃಷಿ ತ್ಯಾಜ್ಯವೋ ಎನ್ನುವುದರ ಮೇಲೂ ಲೆಕ್ಕ ಬದಲಾಗುತ್ತದೆ. ಹಾಗೆಯೇ, ಎಥೆನಾಲ್ ತೆಗೆದ ಮೇಲೆ ಉಳಿಯುವುದು ದನ, ಕೋಳಿಗೆ ಮೇವಾಗುತ್ತದೆ. ಅದನ್ನು ಜಮೆಯಲ್ಲಿ ಬರೆಯುವುದೇ ನ್ಯಾಯ.

ನೀರಿನ ವಿಷಯಕ್ಕೆ ಬಂದರೆ ನಾನು ಕಟ್ಟುನಿಟ್ಟು. ಸಕ್ಕರೆಯಿಂದ ತೆಗೆದ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗವೇ 2021ರ ವರದಿಯಲ್ಲಿ ಬರೆದಿದೆ. ಮುಂಗಾರು ಮಳೆಗೆ ಬೆಳೆದ ಜೋಳದ ಮಾತು ಬೇರೆ. ಕಡೂರಿನಂಥ ಕಡೆ, ಕೊಳವೆಬಾವಿ ಕೊರೆಸಿ ಕೊರೆಸಿ ಅಂತರ್ಜಲ ಪಾತಾಳಕ್ಕಿಳಿದಿರುವಾಗ, ಆ ನೀರೆತ್ತಿ ಗಾಡಿಗೆ ಇಂಧನ ಬೆಳೆಯುವುದನ್ನು ನಾನು ಒಪ್ಪಲಾರೆ.

ನಮ್ಮ ಬದುಗಳಲ್ಲಿ ಹಿರಿಯರು ಬಿಟ್ಟುಹೋದ ಇನ್ನೊಂದು ದಾರಿ ಇದೆ. ಹೊಂಗೆ ತಾನೇ ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುವ ಮರ. ಬೇರೂರಿದ ಮೇಲೆ ನೀರು ಕೇಳುವುದಿಲ್ಲ, ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಸೊಪ್ಪು ಗದ್ದೆಗೆ ಗೊಬ್ಬರ. ಬೇಸಿಗೆಯಲ್ಲಿ ಉದುರಿದ ಕಾಯಿ ಆಯ್ದು, ಅಂಗಳದಲ್ಲಿ ಒಣಗಿಸಿ, ಬಡಿದು ಬೀಜ ಬಿಡಿಸಿದರೆ ಸುಮಾರು ನಾಲ್ಕು ಕಿಲೋಗೆ ಒಂದು ಲೀಟರ್ ಎಣ್ಣೆ. ಮಿಕ್ಕ ಹಿಂಡಿ ತೆಂಗು, ಅಡಿಕೆಯ ಬುಡಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಹಳ್ಳಿಗಳಲ್ಲಿ ಡೀಸೆಲ್ ಇಂಜಿನ್ ಓಡಿಸಿ ತೋರಿಸಿದರು. ಪಕ್ಕದ ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಒಮ್ಮೆ ಹೋಗಿ ನೋಡಿ ಬನ್ನಿ. ಗಾಣದ ಎಣ್ಣೆಯನ್ನು ಮಾತ್ರ ಹಾಗೇ ಟ್ರ್ಯಾಕ್ಟರ್ ಟ್ಯಾಂಕಿಗೆ ಸುರಿಯಬೇಡಿ. ಮಂದ ಎಣ್ಣೆ ಇಂಜಿನ್ನಿನಲ್ಲಿ ಕಟ್ಟಿಕೊಳ್ಳುತ್ತದೆ. ಮೆಥನಾಲ್ ಬೆರೆಸಿ ಬಯೋಡೀಸೆಲ್ ಮಾಡುವ ಕ್ರಮವನ್ನು ಅಲ್ಲಿ ಕಲಿಯಬಹುದು. ಬದುವಿನ ಹೊಂಗೆಯಿಂದ ದೇಶದ ಲಾರಿಗಳೆಲ್ಲ ಓಡುತ್ತವೆಂದು ನಾನು ಹೇಳುವುದಿಲ್ಲ. ಊರಿನ ಟ್ರ್ಯಾಕ್ಟರಿನ ಖರ್ಚು ಒಂದಿಷ್ಟು ಇಳಿಯುತ್ತದೆ, ಒಂದು ಗುಂಟೆ ಹೊಲವೂ ಹೋಗುವುದಿಲ್ಲ.

ನನಗೆ ನಿಜವಾಗಿ ಆತಂಕ ಇರುವುದು ಕಾವಲುಗಳ ಬಗ್ಗೆ, ಅಂದರೆ ದನ ಮೇಯುವ ನಮ್ಮ ಹುಲ್ಲುಗಾವಲುಗಳ ಬಗ್ಗೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾವನ್ನು ಕೊಂಡಾಡಿತು. ಪಾಳು ನೆಲದಲ್ಲಿ ನೀರಿಲ್ಲದೆ ಬೆಳೆದು ಡೀಸೆಲ್ ಕೊಡುತ್ತದೆಂದು ದೇಶವೆಲ್ಲ ನಂಬಿತು. ನೀರಿಲ್ಲದ ಕಡೆ ಗಿಡ ಬದುಕಿತು, ಸಾಕಷ್ಟು ಕಾಯಿ ಬಿಡಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ‘ಪಾಳು’ ಎಂಬ ಎಣಿಕೆಯಲ್ಲೇ ಇತ್ತು. ಮರವಿಲ್ಲದ ನೆಲವೆಲ್ಲ ಪಾಳಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ದನಗಳ ವಂಶ ಮೈಸೂರು ಅರಸರ ಕಾಲದಿಂದ ಇಂಥ ಹುಲ್ಲುಗಾವಲಿನಲ್ಲೇ ಮೇದು ಬೆಳೆದದ್ದು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೆ ಒಂದು ಬೆಳಗಿನ ಜಾವ ಹೋಗಿ ದೂರದಿಂದ ನೋಡಿ, ಕೃಷ್ಣಮೃಗಗಳ ಹಿಂಡು ಕಾಣುತ್ತದೆ. 2011ರಲ್ಲಿ ಸರ್ಕಾರ ಅದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಆ ಹುಲ್ಲಿನ ಬೇರು, ಮಣ್ಣು ನೂರಾರು ವರ್ಷದ ಇಂಗಾಲ ಹಿಡಿದಿಟ್ಟಿವೆ. ಇಂಧನದ ಬೆಳೆಗೆಂದು ಅಂಥ ನೆಲ ಉತ್ತರೆ ಆ ಇಂಗಾಲ ಮೇಲೆ ಬರುತ್ತದೆ, ಉಳಿಸಿದ ಪೆಟ್ರೋಲಿನಿಂದ ಆ ಸಾಲ ತೀರಲು ಎಷ್ಟೋ ವರ್ಷ ಬೇಕು. ಇಂಡೊನೇಷ್ಯಾದಲ್ಲಿ ತಾಳೆ ಎಣ್ಣೆಗಾಗಿ ಜೌಗು ಕಾಡು ಕಡಿದಾಗ ಆದದ್ದೂ ಇದೇ.

ತರೀಕೆರೆ ಕಡೆಯ ಹುಡುಗರಿಗೆ ಇನ್ನೊಂದು ಮಾತು. ಸುಗ್ಗಿಯಲ್ಲಿ ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತೇವೆ, ವಾರಗಟ್ಟಲೆ ಹೊಗೆಯಾಡುತ್ತದೆ. ಇಂಥ ಕಸದಿಂದ ತೆಗೆಯುವ ಇಂಧನಕ್ಕೆ ಹೊಸ ನೆಲ ಬೇಡ, ನೀರಾವರಿ ಬೇಡ. ಇಂಜಿನಿಯರಿಂಗ್ ಓದುವವರು ಪ್ರಾಜೆಕ್ಟಿಗೆ ವಿಷಯ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಈ ಮುಂಗಾರಿಗೆ ನಿಮ್ಮ ಬದುವಿನಲ್ಲಿ ಹೊಂಗೆ ಸಸಿ ನೆಡಿ. ಕಾವಲು ಉಳುವ ಯೋಜನೆ ಯಾವ ಹಸಿರು ಹೆಸರಿನಲ್ಲಿ ಬಂದರೂ ಗ್ರಾಮಸಭೆಯಲ್ಲಿ ಎದ್ದು ನಿಂತು ‘ಬೇಡ’ ಎನ್ನಿ.