ಕೃಷಿ ವಿದ್ಯಾರ್ಥಿಯೂ ಅವನ ಫೋನೂ

ಕೃಷ್ಣರಾಜಪುರದಿಂದ ಹೊಸಕೋಟೆಯ ಕಡೆಗೆ ಹೊರಟರೆ, ಕಟ್ಟಡಗಳ ಸಾಲು ತೆಳುವಾದಲ್ಲಿ ಇಂದಿಗೂ ತರಕಾರಿ ತೋಟಗಳು ಕಣ್ಣಿಗೆ ಬೀಳುತ್ತವೆ. ಆ ಕಡೆಯ ಬೇಸಾಯಗಾರರ ಮನೆಗಳಿಂದ ಹೋಗಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಓದುತ್ತಿರುವ ಕೆಲವು ಮಿತ್ರರು ನನಗಿದ್ದಾರೆ. ಎಲೆಯ ಚಿತ್ರವನ್ನು ನೋಡಿ ರೋಗದ ಹೆಸರು ಹೇಳುವ ಆ್ಯಪ್‌ಗಳನ್ನು ಅವರು ಹೇಗೆ ಕಾಣುತ್ತಾರೆಂದು ವಿಚಾರಿಸಿ, ಕಲಾ ವಿದ್ಯಾರ್ಥಿಯಾದ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಅವರಲ್ಲಿ ಆ್ಯಪನ್ನು ಬಳಸದವರಿಲ್ಲ. ಆದರೆ ಅದು ಸೂಚಿಸುವ ಔಷಧವನ್ನು ಪೂರ್ಣವಾಗಿ ನಂಬುವವರೂ ಇಲ್ಲ. ಜರ್ಮನಿಯಲ್ಲಿ ಹುಟ್ಟಿದ ಪ್ಲಾಂಟಿಕ್ಸ್ ಅವರಿಗೆ ಚೆನ್ನಾಗಿ ಪರಿಚಿತ. ಕೇಂದ್ರ ಸರ್ಕಾರವೂ 2024ರ ಆಗಸ್ಟ್‌ನಲ್ಲಿ ಕೀಟಗಳ ಸರ್ವೇಕ್ಷಣೆಗೆಂದು ಇಂತಹುದೇ ಒಂದು ವ್ಯವಸ್ಥೆಯನ್ನು ಆರಂಭಿಸಿತು.

ಈ ಯಂತ್ರಬುದ್ಧಿ ಮೊದಲೇ ನೋಡಿದ ಅಸಂಖ್ಯ ಚಿತ್ರಗಳೊಡನೆ ಹೊಸ ಚಿತ್ರವನ್ನು ಹೋಲಿಸುತ್ತದೆ. ಗುರುತು ಸ್ಪಷ್ಟವಾಗಿದ್ದಲ್ಲಿ ಇದು ಬಹು ಉಪಕಾರಿ. 2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕಂಡುಬಂದ ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳಿ. ಅದರ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರ, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಒಳ್ಳೆಯ ಚಿತ್ರವೊಂದಿದ್ದರೆ ಸಾಕು.

ಟೊಮೇಟೊ ಗಿಡದ ಎಲೆ ಹಳದಿಯಾದರೆ ಮಾತು ಬೇರೆ. ಸಾರಜನಕದ ಕೊರತೆಯಿರಬಹುದು, ನೀರು ನಿಂತು ಬೇರು ಕೆಟ್ಟಿರಬಹುದು, ಬೇರುಗಂಟು ಜಂತುಹುಳು ಸೇರಿರಬಹುದು. ಇವೆಲ್ಲ ಮಣ್ಣಿನೊಳಗಿನ ಸಮಾಚಾರ. ಬಿದರಹಳ್ಳಿ ಕಡೆಯ ಹಿರಿಯರೊಬ್ಬರು ನನ್ನ ಮಿತ್ರನನ್ನು, “ಏನಪ್ಪ, ನಿನ್ನ ಫೋನು ಬೇರು ನೋಡ್ತದಾ?” ಎಂದು ಕೇಳಿದರಂತೆ. ಅವನು ಉತ್ತರ ಕೊಡದೆ ಗಿಡವೊಂದನ್ನು ಕಿತ್ತನು. ಬೇರಿನ ತುಂಬ ಗಂಟುಗಳಿದ್ದವು. ಎಲೆಗೆ ಶಿಲೀಂಧ್ರನಾಶಕ ಹೊಡೆದಿದ್ದರೆ ಹಣ ಮಣ್ಣುಪಾಲಾಗುತ್ತಿತ್ತು. ಎಲೆ ಮುಟುರು ರೋಗದಲ್ಲಿಯೂ ಹೀಗೆಯೇ. ಅದು ಬಿಳಿನೊಣ ಹರಡುವ ವೈರಸ್ಸು. ರೋಗ ಹತ್ತಿದ ಗಿಡವನ್ನು ವಾಸಿಮಾಡುವ ಔಷಧವಿಲ್ಲ, ಅದನ್ನು ಕಿತ್ತು ನಾಶಮಾಡಿ ನೊಣವನ್ನು ತಡೆಯಬೇಕು.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು. ಅದಕ್ಕೆ ಬಳಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದ್ದಿದ ಕಬ್ಬಿಣದ ಚಾಕುವಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದರ್ಥ. ಇಂತಹ ಪರೀಕ್ಷೆಯನ್ನು ಕೈಯಾರೆ ಮಾಡಿ ಕಲಿತ ವಿದ್ಯಾರ್ಥಿಗೆ ಆ್ಯಪ್ ಒಳ್ಳೆಯ ಸಹಾಯಕ. ಅದೇ ಗುರುವಾಗಿಬಿಟ್ಟರೆ, ಪದವಿ ಪಡೆದ ಮೇಲೂ ಅವನಿಗೆ ಹೊಲದಲ್ಲಿ ಸ್ವಂತ ಕಣ್ಣಿರುವುದಿಲ್ಲ. ಇದು ನನ್ನ ಮಾತಲ್ಲ, ಅವರಲ್ಲೇ ಕೆಲವರ ಆತಂಕ.

ಕೊನೆಯ ವರ್ಷದಲ್ಲಿ ಅವರು ಹಳ್ಳಿಯಲ್ಲಿ ನೆಲೆಸಿ ಕಾರ್ಯಾನುಭವ ಪಡೆಯಬೇಕು. ಆಗ ರೈತರು ಕೇಳುವುದು ರೋಗದ ಹೆಸರನ್ನಲ್ಲ, ಏನು ಹೊಡೆಯಬೇಕೆಂಬುದನ್ನು. ಡಬ್ಬಿಯ ಮೇಲಿನ ತ್ರಿಕೋನ ಕೆಂಪಾದರೆ ವಿಷ ಅತ್ಯುಗ್ರ. ಆಮೇಲೆ ಕ್ರಮವಾಗಿ ಹಳದಿ, ನೀಲಿ, ಹಸಿರು. ಸಿಂಪಡಣೆಯಾಗಿ ಎಷ್ಟು ದಿನದ ಮೇಲೆ ಕಾಯಿ ಕೊಯ್ಯಬೇಕೆಂಬುದನ್ನೂ ವಿದ್ಯಾರ್ಥಿಯೇ ಓದಿ ಹೇಳಬೇಕು. ಟೊಮೇಟೊವನ್ನು ಕೆಲವೇ ದಿನಗಳಿಗೊಮ್ಮೆ ಬಿಡಿಸುತ್ತಾರೆ. ಬಿಡಿಸಿದ್ದು ಶಿವಾಜಿನಗರದ ರಸೆಲ್ ಮಾರುಕಟ್ಟೆಗೋ ಹಲಸೂರಿನ ಅಂಗಡಿಗೋ ಬಂದು, ಅಲ್ಲಿಂದ ನಮ್ಮ ಸಾರಿನ ಪಾತ್ರೆ ಸೇರುತ್ತದೆ.