ಶಾಲೆಯ ಬಾಗಿಲು ಮತ್ತು ಸರಕಾರದ ಹಣ

ಕಳೆದ ವರ್ಷ ನಮ್ಮ ರಾಜ್ಯಶಾಸ್ತ್ರದ ತರಗತಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ನೆಯ ಇಸವಿಯ ಮೇ 17ರಂದು ಕೊಟ್ಟ ಬ್ರೌನ್ ಮೊಕದ್ದಮೆಯ ತೀರ್ಪನ್ನು ಕುರಿತು ಪಾಠ ನಡೆದಿತ್ತು. ಬಿಳಿಯರ ಮಕ್ಕಳಿಗೊಂದು, ಕಪ್ಪು ವರ್ಣದವರ ಮಕ್ಕಳಿಗೊಂದು ಎಂದು ಸಾರ್ವಜನಿಕ ಶಾಲೆಗಳನ್ನು ಬೇರೆ ಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದು ಆ ತೀರ್ಪು ಸಾರಿತು. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಗೆಳೆಯನೊಬ್ಬನು ಎದ್ದು ನಿಂತು, “ಇಂಥಾ ಕೇಸು ನಮ್ಮ ಕಡೆ ಯಾಕ ಆಗಲಿಲ್ಲರಿ, ಸರ್?” ಎಂದು ಕೇಳಿದನು. ಅಷ್ಟರಲ್ಲಿ ಗಂಟೆ ಬಾರಿಸಿತು. ಪ್ರಶ್ನೆ ಹಾಗೆಯೇ ಉಳಿಯಿತು. ನನಗಂತೂ ಅದು ಸುಮ್ಮನೆ ಬಿಟ್ಟುಬಿಡುವಂಥ ಪ್ರಶ್ನೆಯಾಗಿರಲಿಲ್ಲ. ಏಕೆಂಬುದನ್ನು ಮುಂದೆ ಹೇಳುವೆನು.

ರಜೆಯಲ್ಲಿ ಸಾಣಾಪುರಕ್ಕೆ ಹೋದಾಗ ಗ್ರಂಥಾಲಯದಿಂದ ಎರಡು ಮೂರು ಪುಸ್ತಕಗಳನ್ನು ತೆಗೆದುಕೊಂಡು ಹೋಗಿದ್ದೆ. ನಮ್ಮೂರ ಕೆರೆಯ ದಂಡೆಯ ಬಂಡೆಗಲ್ಲುಗಳ ನೆರಳಿನಲ್ಲಿ ಕುಳಿತು, ಹರಿಗೋಲುಗಳಲ್ಲಿ ತೇಲುವ ಪ್ರವಾಸಿಗರ ಕೇಕೆಯ ನಡುವೆ, ಡಾ. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಶಿಕ್ಷಣ ಕುರಿತ ಹೇಳಿಕೆಯನ್ನು ಓದಿದೆನು. ಗೆಳೆಯನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು. ಇಂಥ ತಕರಾರು ನಮ್ಮಲ್ಲಿಯೂ ಎದ್ದಿತ್ತು. ಎಲ್ಲಿ ಎಂದರೆ ಧಾರವಾಡದಲ್ಲಿ. ಎಂದು ಎಂದರೆ 1856ರ ಜೂನ್ ತಿಂಗಳಲ್ಲಿ. ಎಂದರೆ ಬ್ರೌನ್ ತೀರ್ಪಿಗೆ ತೊಂಬತ್ತೆಂಟು ವರ್ಷ ಮೊದಲು!

ಸಂಗತಿ ಇಷ್ಟೆ. ಮಹಾರ ಜಾತಿಯ ಹುಡುಗನೊಬ್ಬನನ್ನು ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ಅದೇ ಜುಲೈ ತಿಂಗಳಲ್ಲಿ ಸರಕಾರವು ಕೊಟ್ಟ ಉತ್ತರ ವಿಚಿತ್ರವಾದುದು: ನ್ಯಾಯವೇನೋ ಹುಡುಗನ ಕಡೆಗಿದೆ, ಆದರೆ ಒಬ್ಬಿಬ್ಬರಿಗಾಗಿ ಶತಮಾನಗಳ ನಂಬಿಕೆಗೆ ಕೈಹಾಕಿದರೆ ಉಳಿದವರು ಶಾಲೆ ಬಿಟ್ಟು ವಿದ್ಯಾಪ್ರಸಾರಕ್ಕೇ ಹಾನಿಯಾದೀತು. ಸರಿಯೆಂದು ಒಪ್ಪಿಕೊಂಡು ಬಾಗಿಲು ಮುಚ್ಚುವ ಈ ಜಾಣತನವನ್ನು ನಾವು ಇಂದಿಗೂ ಕಾಣುವುದುಂಟು. ಕಾಗದಪತ್ರಗಳು ಕಲಕತ್ತೆಗೆ ಹೋದವು. ಬಂಗಾಳದ ಸರಕಾರಿ ಶಾಲೆಯಲ್ಲಾಗಿದ್ದರೆ ಆ ಹುಡುಗನನ್ನು ಹೊರಗಿಡುತ್ತಿರಲಿಲ್ಲವೆಂದು 1857ರ ಜನವರಿಯಲ್ಲಿ ಗವರ್ನರ್ ಜನರಲ್ಲರ ಕಡೆಯಿಂದ ಮಾತು ಬಂದಿತು. ಕಡೆಗೆ 1858ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಲಂಡನ್ನಿನಿಂದ ಬರೆದರು: ಸರಕಾರದ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು; ಇದರಿಂದ ಕೆಲವರು ಶಾಲೆ ಬಿಡುವುದಾದರೆ ಬಿಡಲಿ, ತಮ್ಮ ಹಣ ಹಾಕಿ ಬೇರೆ ಶಾಲೆ ಕಟ್ಟಿಕೊಳ್ಳಲಿ. ಇದರ ಬೆನ್ನಿಗೇ ಮುಂಬಯಿ ಸರಕಾರವು ಎರಡು ಮಾತುಗಳನ್ನು ಒಪ್ಪಿತು. ಪೂರ್ತಿಯಾಗಿ ಸರಕಾರದ ಖರ್ಚಿನಲ್ಲಿ ನಡೆಯುವ ಶಾಲೆ ಎಲ್ಲರದು. ಅರ್ಧಂಬರ್ಧ ಸಹಾಯಧನ ಪಡೆಯುವ ಶಾಲೆಯು ಜಾತಿಯ ನೆಪದಿಂದ ಯಾರನ್ನಾದರೂ ಹೊರಗಿಟ್ಟರೆ ಆ ಸಹಾಯವನ್ನು ನಿಲ್ಲಿಸುವ ಹಕ್ಕು ಸರಕಾರಕ್ಕುಂಟು.

ವಾಚಕರು ಗಮನಿಸಬೇಕು: ಇಲ್ಲಿ ದಯೆ, ಧರ್ಮಗಳ ಪ್ರಸ್ತಾಪವೇ ಇಲ್ಲ. ಮಾತೆಲ್ಲ ಹಣದ್ದು. ಎಲ್ಲರ ಕಂದಾಯದಿಂದ ಕಟ್ಟಿದ ಮಾಡಿನ ಕೆಳಗೆ ಎಲ್ಲರೂ ಕೂಡ್ರಬೇಕು ಎಂಬ ವ್ಯವಹಾರದ ನ್ಯಾಯ. ನನಗೆ ಇದು ಬಹಳ ಗಟ್ಟಿಯಾದ ನ್ಯಾಯವೆಂದು ತೋರುತ್ತದೆ.

ಆದರೆ ನಿಯಮ ಬರೆದುದು ಒಂದು, ನಡೆದುದು ಇನ್ನೊಂದು. 1882ರ ಹಂಟರ್ ಆಯೋಗವು ಅದೇ ತತ್ತ್ವವನ್ನು ಮತ್ತೆ ಎತ್ತಿ ಹಿಡಿಯಿತಾದರೂ ಎಚ್ಚರಿಕೆಯಿಂದ ಜಾರಿಗೆ ತರಬೇಕೆಂದಿತು, ಜೊತೆಗೆ ಪ್ರತ್ಯೇಕ ಶಾಲೆಗಳಿಗೂ ಉತ್ತೇಜನ ಕೊಡಬಹುದೆಂದಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರಂಥ ಪುಣ್ಯಾತ್ಮರು ಕೈಯಿಂದ ಹಣ ಹಾಕಿ, ಬಹಿಷ್ಕಾರ ಸಹಿಸಿ, ದಲಿತ ಮಕ್ಕಳಿಗಾಗಿ ಶಾಲೆ ನಡೆಸಿದರು. ಬೇರೆ ಶಾಲೆ ಇಲ್ಲದಿದ್ದರೆ ಶಾಲೆಯೇ ಇಲ್ಲ ಎಂಬ ಕಾಲವದು. ಪ್ರತ್ಯೇಕ ಶಾಲೆಗಳನ್ನು ಇಂದು ಕುಳಿತು ಹಳಿಯುವುದು ಸುಲಭ, ನಾನು ಹಳಿಯಲಾರೆ. ಆದರೂ ಧಾರವಾಡದ ಹುಡುಗನು ಕೇಳಿದುದು ಅದನ್ನಲ್ಲ.

ಇನ್ನು ಅಮೆರಿಕದ ಕಥೆ. ಬ್ರೌನ್ ತೀರ್ಪಿನ ಹಿಂದೆ ಸಂಶೋಧನೆಯೂ ಇತ್ತು. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ದಂಪತಿಗಳು ಎಳೆಯ ಮಕ್ಕಳ ಮುಂದೆ ಬಿಳಿಯ ಗೊಂಬೆ, ಕಂದು ಗೊಂಬೆಗಳನ್ನಿಟ್ಟು, ಇದರಲ್ಲಿ ಒಳ್ಳೆಯದು ಯಾವುದು, ನಿನ್ನ ಹಾಗಿರುವುದು ಯಾವುದು ಎಂದು ಕೇಳಿದರು. ಕಪ್ಪು ಮಕ್ಕಳಲ್ಲಿ ಬಹುಮಂದಿ ಬಿಳಿಯ ಗೊಂಬೆಯನ್ನೇ ಒಳ್ಳೆಯದೆಂದರು. ನ್ಯಾಯಾಲಯವು ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಬರಹವನ್ನು ಹೆಸರಿಸಿತು. ಆದರೆ ತೀರ್ಪಿನಿಂದ ಶಾಲೆಗಳು ಬದಲಾದುವೆ? ಹತ್ತು ವರ್ಷ ಕಳೆದು 1964 ಬಂದರೂ, ಹಿಂದೆ ಗುಲಾಮಗಿರಿಗಾಗಿ ಯುದ್ಧ ಹೂಡಿದ್ದ ದಕ್ಷಿಣದ ಹನ್ನೊಂದು ಸಂಸ್ಥಾನಗಳಲ್ಲಿ ಬಿಳಿಯರೊಡನೆ ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಮೂವರೂ ಇರಲಿಲ್ಲ.

ಬದಲಾದುದು ಹಣದಿಂದ. 1964ರ ನಾಗರಿಕ ಹಕ್ಕುಗಳ ಕಾಯಿದೆಯು ಭೇದ ಮಾಡುವ ಸಂಸ್ಥೆಗೆ ಕೇಂದ್ರದ ಹಣವಿಲ್ಲ ಎಂದಿತು. ಮರುವರ್ಷ ಶಾಲೆಗಳಿಗೆಂದು ನೂರು ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ಕೇಂದ್ರವು ತೆಗೆದಿಟ್ಟಿತು. ಮುಂದೆ ಹಣದ ಗಂಟು, ಹಿಂದೆ ಷರತ್ತು. ನ್ಯಾಯಾಲಯಗಳೂ ಬಿಗಿಹಿಡಿದವು. 1972ರ ಹೊತ್ತಿಗೆ ದಕ್ಷಿಣದ ಕಪ್ಪು ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕು ಬಿಳಿಯರೇ ಹೆಚ್ಚಾಗಿದ್ದ ಶಾಲೆಗಳಲ್ಲಿ ಓದುತ್ತಿದ್ದರು. ಮುಖ್ಯವಾದ ಸಂಗತಿ ಮತ್ತೊಂದು. ಅದೇ 1964ರ ಕಾಯಿದೆಯು ಅಸಮಾನತೆಯ ಸಮೀಕ್ಷೆ ನಡೆಯಲೇಬೇಕೆಂದು ಅಪ್ಪಣೆ ಮಾಡಿತ್ತು. ಸರಕಾರದ ಖರ್ಚಿನಲ್ಲಿ ಆರು ಲಕ್ಷದಷ್ಟು ವಿದ್ಯಾರ್ಥಿಗಳನ್ನು ಪರಿಶೀಲಿಸಿ ಜೇಮ್ಸ್ ಕೋಲ್ಮನ್ನರು 1966ರಲ್ಲಿ ವರದಿ ಕೊಟ್ಟರು. ಶಾಲೆಗಳಲ್ಲಿ ಯಾವ ವರ್ಣದವರು ಎಷ್ಟು ಮಂದಿ ಎಂಬ ಲೆಕ್ಕವನ್ನು ಸರಕಾರವೇ ತೆಗೆಯತೊಡಗಿತು. ಎಣಿಸಿದ್ದರಿಂದ ಹಣ ನಿಲ್ಲಿಸುವುದು ಸಾಧ್ಯವಾಯಿತು. 1972ರಲ್ಲಿ ಶಾಲೆಗಳನ್ನು ಕೂಡಿಸುವ ಕೆಲಸಕ್ಕೆಂದೇ ಬೇರೆ ಅನುದಾನದ ಕಾಯಿದೆ ಬಂದಿತು. 1981ರಲ್ಲಿ ಅದನ್ನು ಬೇರೆ ಅನುದಾನಗಳೊಡನೆ ಬೆರೆಸಿದರು, ಬೆರೆತ ಮೇಲೆ ಅದು ಕರಗಿಹೋಯಿತು.

ನಮ್ಮ ಕಾಯಿದೆಗಳಲ್ಲಿ ಈ ತತ್ತ್ವವಿಲ್ಲವೆ? ಧಾರಾಳವಾಗಿ ಇದೆ. ಸಂವಿಧಾನದ 17ನೆಯ ಅನುಚ್ಛೇದವನ್ನು ಎಲ್ಲರೂ ಬಲ್ಲರು. 29ನೆಯದರ ಎರಡನೆಯ ಭಾಗವನ್ನು ಮಾತ್ರ ನಾವು ಪರೀಕ್ಷೆಗೆ ಓದಿ ಮರೆಯುತ್ತೇವೆ: ರಾಜ್ಯವು ನಡೆಸುವ ಅಥವಾ ರಾಜ್ಯದ ನಿಧಿಯಿಂದ ನೆರವು ಪಡೆಯುವ ವಿದ್ಯಾಸಂಸ್ಥೆಯು ಕೇವಲ ಜಾತಿ, ಮತ, ಜನಾಂಗ, ಭಾಷೆಗಳ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸಕೂಡದು. ಇದು 1858ರ ಮಾತೇ ಅಲ್ಲವೆ? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎನಿಸಿಕೊಂಡುದು, ಇನ್ನೂ ಮುಂದೆ ಹೋಗಿ, ಅನುದಾನ ಪಡೆದ ವಿದ್ಯಾಸಂಸ್ಥೆಯ ಇಲ್ಲವೆ ವಸತಿಗೃಹದ ಆಡಳಿತದವರು ಶಿಕ್ಷೆಗೊಳಗಾದರೆ ಆ ಅನುದಾನವನ್ನು ತಡೆಯುವ, ಹಿಂತೆಗೆಯುವ ಅಧಿಕಾರವನ್ನು ತನ್ನ ಒಂಬತ್ತನೆಯ ಕಲಮಿನಲ್ಲಿ ಕೊಟ್ಟಿದೆ.

ಈಗ, ಈ ಪ್ರಶ್ನೆಯನ್ನು ನಾನು ಬಿಡದಿದ್ದ ಕಾರಣ. ನಾವು ಸಾಣಾಪುರಕ್ಕೆ ಬಂದು ನೆಲೆಸುವ ಮೊದಲು ಬೇರೊಂದು ಊರಿನಲ್ಲಿದ್ದೆವು. ಅದರ ಹೆಸರು ಇಲ್ಲಿ ಬೇಡ. ನಮ್ಮ ತಂದೆಯವರು ಅಲ್ಲಿಯ ಸರಕಾರಿ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಓದಿದರು. ಅದು 1978ರ ಸುಮಾರು. “ನೀ ಹೊರಗ ಕುಂದ್ರಪಾ, ಅಲ್ಲಿಂದಾನೂ ಬೋರ್ಡು ಕಾಣ್ತೈತಿ” ಎಂದು ಮಾಸ್ತರರು ಹೇಳಿದ್ದರಂತೆ. ಬೈದು ಹೇಳಿದ್ದಲ್ಲ, ಸಮಾಧಾನವಾಗಿಯೇ ಹೇಳಿದ್ದು. ಬೋರ್ಡು ಕಾಣುತ್ತಿತ್ತು, ನಿಜ. ಮಳೆಗಾಲದಲ್ಲಿ ಮಾತ್ರ ಕಟ್ಟೆಯ ಮೇಲೆ ಎರಚಲು ಬೀಳುತ್ತಿತ್ತು. ಹಾಜರಿ ಪುಸ್ತಕದಲ್ಲಿ ತಂದೆಯವರ ಹೆಸರಿತ್ತು. ಸರಕಾರದ ಲೆಕ್ಕದಲ್ಲಿ ಅವರು ಶಾಲೆಯ ಒಳಗೇ ಇದ್ದರು.

ಆದುದರಿಂದಲೇ ಎಣಿಸುವುದು ಹೇಗೆ ಎಂಬ ವಿಷಯ ನನ್ನನ್ನು ಹಿಡಿದುಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ನಡೆದ ಕೆಲವು ಪ್ರಯೋಗಗಳು ಬಹು ಸ್ವಾರಸ್ಯವಾಗಿವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬವರು ಉತ್ತರ ಪ್ರದೇಶದ ಹಳ್ಳಿಯ ಹುಡುಗರಿಗೆ ಕಾಗದದ ಮೇಲೆ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿ ಹೇಳದೆ ಆಡಿಸಿದಾಗ ಎಲ್ಲರೂ ಸರಿಸಮ. ಎಲ್ಲರೆದುರು ಹೆಸರಿನೊಡನೆ ಜಾತಿಯನ್ನೂ ಕೂಗಿ ಹೇಳಿ ಆಡಿಸಿದಾಗ ಕೆಳಜಾತಿಯೆನಿಸಿಕೊಂಡ ಹುಡುಗರು ಹಿಂದೆ ಬಿದ್ದರು! 2006ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ತಂದೆಯವರಿಗೆ ವಿವರಿಸಿದಾಗ, “ಇದಕ್ಕ ಪರೀಕ್ಷೆ ಯಾಕ ಬೇಕಾತಪಾ?” ಎಂದರು. ದಿಲ್ಲಿಯಲ್ಲಿ ಸರಕಾರದಿಂದ ಅಗ್ಗದ ದರದಲ್ಲಿ ಭೂಮಿ ಪಡೆದ ಶ್ರೀಮಂತ ಶಾಲೆಗಳು, ಆ ಋಣಕ್ಕೆ ಬದಲಾಗಿ, ಬಡಮಕ್ಕಳನ್ನು ಸೇರಿಸಿಕೊಳ್ಳಬೇಕಾಯಿತು. ಅವರೊಡನೆ ಓದಿದ ಸಿರಿವಂತರ ಮಕ್ಕಳು ಹೆಚ್ಚು ಉದಾರಿಗಳಾದರು, ಓಟದ ಪಂದ್ಯಕ್ಕೆ ಜೊತೆಗಾರರನ್ನು ಆರಿಸುವಾಗ ಬಡವರನ್ನು ಕಡೆಗಣಿಸುವುದು ಕಡಿಮೆಯಾಯಿತು ಎಂದು ಗೌತಮ್ ರಾವ್ ಅವರು 2019ರಲ್ಲಿ ತೋರಿಸಿದರು. ಮತ್ತೊಬ್ಬ ಸಂಶೋಧಕ ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಕ್ರಿಕೆಟ್ ಪಂದ್ಯಾವಳಿಯನ್ನೇ ನಡೆಸಿದರು. ಒಂದೇ ತಂಡದಲ್ಲಿ ಆಡಿದ ಬೇರೆ ಬೇರೆ ಜಾತಿಯವರಲ್ಲಿ ಸ್ನೇಹ ಬೆಳೆಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಬೆಳೆಯಲಿಲ್ಲ. ಒಂದೇ ಮೈದಾನದಲ್ಲಿ ನಿಂತರೆ ಸಾಲದು, ಒಂದೇ ಕಡೆ ನಿಲ್ಲಬೇಕು.

ಉದ್ಯೋಗದ ವಿಷಯದಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಶೋಧನೆಯಿದೆ. ಪತ್ರಿಕೆಯ ಜಾಹೀರಾತುಗಳಿಗೆ ಸಮಾನ ವಿದ್ಯೆಯ, ಬೇರೆ ಬೇರೆ ಹೆಸರಿನ ಅರ್ಜಿಗಳನ್ನು ಹಾಕಿ ನೋಡಿದಾಗ ದಲಿತ ಹೆಸರಿನವರಿಗೆ, ಮುಸಲ್ಮಾನ ಹೆಸರಿನವರಿಗೆ ಕರೆ ಕಡಿಮೆ ಬಂದಿತು. ನಮ್ಮ ಕಡೆಯ ಕೆಲಸಗಳಿಗೆ ಅರ್ಜಿ ಎಲ್ಲಿಯದು? ಸಾಣಾಪುರದ ಗದ್ದೆಗಳಲ್ಲಿ ಭತ್ತದ ನಾಟಿಗೆ ಗುಂಪು ಗುಂಪಾಗಿ ಹೋಗುತ್ತಾರೆ. ಗುಂಪು ಕೇರಿಯಿಂದ ಕಟ್ಟಿಕೊಳ್ಳುತ್ತದೆ. ಕೆಸರಿನಲ್ಲಿ ಎಲ್ಲರೂ ಒಂದೇ ಸಾಲು, ಬುತ್ತಿ ಬಿಚ್ಚುವಾಗ ಎರಡು ಮರ. ಇದಕ್ಕಿಂತ ಘೋರವಾದುದು ನಮ್ಮ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಡೆಯಿತು. ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ತಕರಾರಿನ ಹಿನ್ನೆಲೆಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದಿತು. ಕೊಪ್ಪಳದ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಹಣವು ಸಾಲದೆಂದು ಹೇಳುವಂತಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಭಾರತ ಸರಕಾರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ಈ ಲೇಖನ ಬರೆಯುತ್ತಿರುವ ಕೈ ಅದರ ಫಲವೇ. ಕರ್ನಾಟಕದ 2013ರ ಕಾಯಿದೆಯಂತೆ ಯೋಜನೆಯ ಹಣದಲ್ಲಿ ನೂರಕ್ಕೆ 24.1 ಪಾಲು ಪರಿಶಿಷ್ಟ ಜಾತಿ ಪಂಗಡಗಳಿಗೆ ಸಲ್ಲತಕ್ಕದ್ದು. ಆದರೆ ಸಾಮಾನ್ಯ ಕಾಮಗಾರಿಗಳ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಲು 7(ಡಿ) ಎಂಬ ಕಲಮು ದಾರಿಮಾಡಿತ್ತು. ಅದನ್ನು ತೆಗೆದುಹಾಕಲು 2023ರವರೆಗೆ ಕಾಯಬೇಕಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಬಲ್ಲ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬಿನಲ್ಲಿ ಬಿಟ್ಟ ನೀರಿನ ಲೆಕ್ಕ ಬೇರೆ, ಕೊನೆಯ ಗದ್ದೆ ಮುಟ್ಟಿದ ನೀರಿನ ಲೆಕ್ಕ ಬೇರೆ.

ಸರಕಾರದ ಹಣವು ಮಕ್ಕಳನ್ನು ನಿಜವಾಗಿ ಒಂದೇ ಸಾಲಿನಲ್ಲಿ ಕೂಡ್ರಿಸಿದ ಉದಾಹರಣೆ ಬೇಕಾದರೆ ಬಿಸಿಯೂಟವನ್ನು ನೋಡಬೇಕು. ಅಕ್ಷರ ದಾಸೋಹವು 2002ರ ಜೂನಿನಲ್ಲಿ ಮೊದಲು ಕಾಲಿಟ್ಟುದು ನಮ್ಮ ಕೊಪ್ಪಳವೂ ಸೇರಿದ ಉತ್ತರದ ಹಿಂದುಳಿದ ಜಿಲ್ಲೆಗಳಲ್ಲಿ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲಿನಲ್ಲಿ ಆದೇಶಿಸಿತು. ಶಾಲೆಯ ಬಾಗಿಲ ಪ್ರಶ್ನೆಯನ್ನು ಒಲೆಯ ತನಕ ತಂದ ಆದೇಶವದು.

2006ರಲ್ಲಿ ಆ ಹಳೆಯ ಊರಿನಲ್ಲಿ ನಮ್ಮವ್ವ ಬಿಸಿಯೂಟದ ಅಡುಗೆಗೆ ಸೇರಿದಳು. ತಂದೆಯವರು ಹೊರಗೆ ಕುಳಿತಿದ್ದ ಅದೇ ಶಾಲೆ. ಮೊದಲ ವಾರ ಹದಿನಾಲ್ಕು ಮಕ್ಕಳು ಮನೆಯಿಂದ ಬುತ್ತಿ ತಂದರು. ಮುಖ್ಯೋಪಾಧ್ಯಾಯರು ಭಾಷಣ ಮಾಡಲಿಲ್ಲ. ತಟ್ಟೆ ಹಿಡಿದು ಸಾಲಿನ ನಡುವೆ ಕುಳಿತು, “ಯವ್ವಾ, ಇನ್ನೊಂದೀಟು ಸಾರು ಹಾಕು” ಎಂದರು. ಮರುದಿನವೂ ಹಾಗೆಯೇ ಮಾಡಿದರು. ದಸರೆಯ ರಜೆ ಬರುವಷ್ಟರಲ್ಲಿ ಬುತ್ತಿ ತರುವವರು ಇಬ್ಬರೇ ಉಳಿದರು. ಆ ಇಬ್ಬರು ಏಳನೆಯ ತರಗತಿ ಮುಗಿಸುವವರೆಗೂ ಉಣ್ಣಲಿಲ್ಲ. ತಿಂಗಳ ಲೆಕ್ಕದ ಪುಸ್ತಕದಲ್ಲಿ ಉಂಡವರ ಸಂಖ್ಯೆಗೆ ಒಂದು ಅಂಕಣವಿತ್ತು, ಉಣ್ಣದವರ ಕಾರಣಕ್ಕೆ ಅಂಕಣವಿರಲಿಲ್ಲ. ನಮ್ಮವ್ವ ಮಾತ್ರ ಆ ಇಬ್ಬರ ಪಾಲಿನ ಅಕ್ಕಿಯನ್ನೂ ದಿನಾಲು ಅಳೆದು ಹಾಕುತ್ತಿದ್ದಳು.