ಸಂಕಲನದ ಅನಂತರ: ವಿಡಿಯೋ ಕಡತವಾಗುವ ಬಗೆ

ಗಣಕದಲ್ಲಿ ವಿಡಿಯೋ ಸಂಕಲನ ಮಾಡುವಾಗ ತೆರೆಯ ಮೇಲೆ ನಮಗೆ ಕಾಣುವುದು ಚಿತ್ರ. ತಂತ್ರಾಂಶವು ಪ್ರಾಜೆಕ್ಟ್ ಎಂದು ಉಳಿಸಿಡುವುದಾದರೋ ಆಜ್ಞೆಗಳ ಒಂದು ಪಟ್ಟಿಯನ್ನು ಮಾತ್ರ. ಈ ತುಣುಕನ್ನು ನಾಲ್ಕನೆಯ ಸೆಕೆಂಡಿನಿಂದ ತೋರಿಸು, ಅಲ್ಲಿ ಬಣ್ಣವನ್ನು ತುಸು ಗಾಢಗೊಳಿಸು, ಇಲ್ಲಿ ಶೀರ್ಷಿಕೆಯನ್ನು ಮೂಡಿಸು, ಇಷ್ಟೆ. ಮೂಲ ತುಣುಕುಗಳು ಇದ್ದಲ್ಲಿಯೇ ಇರುತ್ತವೆ. ಆದುದರಿಂದಲೇ ಪ್ರಾಜೆಕ್ಟ್ ಕಡತವೊಂದನ್ನೇ ಮಿತ್ರರಿಗೆ ಕಳುಹಿಸಿದರೆ ಅವರಿಗೆ ಚಿತ್ರ ಕಾಣದು. ಆಜ್ಞೆಗಳಂತೆ ಒಂದೊಂದು ಚೌಕಟ್ಟನ್ನೂ ಲೆಕ್ಕಹಾಕಿ ರಚಿಸುವ ಕ್ರಿಯೆಯೇ ರೆಂಡರ್. ರಚಿಸಿದುದನ್ನು ಎಲ್ಲರೂ ನೋಡಬಹುದಾದ ಒಂದೇ ಕಡತದಲ್ಲಿ ಅಡಕಮಾಡುವುದು ಎಕ್ಸ್‌ಪೋರ್ಟ್.

ಅಡಕಮಾಡುವ ಅಗತ್ಯವೇನು? ಕಾಗದದ ಮೇಲೆ ಗುಣಿಸಿ ನೋಡೋಣ. ಒಂದು ಚೌಕಟ್ಟಿನಲ್ಲಿ 1920 × 1080 ಪಿಕ್ಸೆಲ್‌ಗಳು. ಕೆಂಪು, ಹಸುರು, ನೀಲಿಗಳಿಗೆ ಒಂದೊಂದರಂತೆ ಪ್ರತಿ ಪಿಕ್ಸೆಲ್‌ಗೆ 3 ಬೈಟ್. ಒಟ್ಟು 62,20,800 ಬೈಟ್. ಸೆಕೆಂಡಿಗೆ 25 ಚೌಕಟ್ಟುಗಳಾದರೆ ಹತ್ತು ನಿಮಿಷದ ಚಿತ್ರಕ್ಕೆ, ಧ್ವನಿಯನ್ನು ಬಿಟ್ಟು, ಸುಮಾರು 93 ಗಿಗಾಬೈಟ್ ಬೇಕು! ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಎಕ್ಸ್‌ಪೋರ್ಟ್ ಮಾಡಿದಾಗ ಅದೇ ಚಿತ್ರ 600 ಮೆಗಾಬೈಟ್‌ನಲ್ಲಿ ಹಿಡಿಸುತ್ತದೆ. ಉಳಿದುದು ಎಲ್ಲಿ ಹೋಯಿತು?

2003ರಲ್ಲಿ ರೂಪುಗೊಂಡು ಇಂದಿಗೂ ಬಹುವಾಗಿ ಬಳಕೆಯಲ್ಲಿರುವ ಎಚ್.264 ಕ್ರಮವನ್ನೇ ತೆಗೆದುಕೊಳ್ಳೋಣ. ಅಲುಗದ ಹಿನ್ನೆಲೆಯನ್ನು ಅದು ಮತ್ತೆ ಮತ್ತೆ ಬರೆಯುವುದಿಲ್ಲ. ಆಗಾಗ ಒಂದು ಪೂರ್ಣ ಚೌಕಟ್ಟನ್ನು ಬರೆದು, ನಡುವಿನವುಗಳಲ್ಲಿ ಚಲನೆಯನ್ನೂ ವ್ಯತ್ಯಾಸವನ್ನೂ ಮಾತ್ರ ಗುರುತಿಸುತ್ತದೆ. ಕುಳಿತು ಮಾತನಾಡುವವರ ಚಿತ್ರ ಸುಲಭವಾಗಿ ಅಡಕವಾಗುವುದೂ ಸುರಿಮಳೆಯ ಚಿತ್ರ ಕಲಸಿಹೋಗುವುದೂ ಇದರಿಂದಲೇ.

ಎರಡನೆಯ ಉಪಾಯ ಇನ್ನೂ ಸೊಗಸಾದುದು. ಚೌಕಟ್ಟನ್ನಾಗಲಿ ವ್ಯತ್ಯಾಸವನ್ನಾಗಲಿ ಪುಟ್ಟ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದ ಬೆಳಕುನೆರಳನ್ನು ಹಿರಿಕಿರಿಯ ಅಲೆಗಳ ಮೊತ್ತವಾಗಿ ಬರೆಯುವರು. ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಅಲೆಗಳನ್ನು ಕೈಬಿಟ್ಟರೂ ಚಿತ್ರ ಕೆಡದು. ಇದರ ಗಣಿತವಾದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮನ್ನು 1974ರಲ್ಲಿ ಪ್ರಕಟಿಸಿದವರು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಲ್ಲಿಯೇ ಎಂಜಿನಿಯರಿಂಗ್ ಕಲಿತವರು. ಈ ಸಂಶೋಧನೆಗಾಗಿ 1972ರಲ್ಲಿ ಅವರು ಕೇಳಿದ ಧನಸಹಾಯವನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ನೀಡಲಿಲ್ಲ. ವಿಚಾರವು ತೀರ ಸರಳವೆಂದು ವಿಮರ್ಶಕರೊಬ್ಬರಿಗೆ ತೋರಿತಂತೆ! ಎಚ್.264 ಬಳಸುವುದು ಇದೇ ಗಣಿತದ ಪೂರ್ಣಾಂಕ ರೂಪವನ್ನು.

ಆದರೆ ಕೈಬಿಟ್ಟ ಅಲೆಗಳು ಮರಳಿ ಬಾರವು. 8 ಮೆಗಾಬಿಟ್‌ನ ಕಡತವನ್ನು 40 ಮೆಗಾಬಿಟ್ ದರದಲ್ಲಿ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದರೆ ಕಡತ ಉಬ್ಬುವುದೇ ಹೊರತು ಚಿತ್ರ ಸುಧಾರಿಸದು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ನಷ್ಟ ಕೂಡುತ್ತ ಹೋಗುತ್ತದೆ. ಬೇರೆ ಅಳತೆಯ ಕಡತ ಬೇಕಾದಾಗ ಮೂಲ ತುಣುಕುಗಳೂ ಪ್ರಾಜೆಕ್ಟೂ ಕೈಯಲ್ಲಿರಬೇಕು. ಡಿಸ್ಕ್ ತುಂಬಿತೆಂದು ಅವುಗಳನ್ನು ಅಳಿಸಿದವರಿಗೆ ಬೇರೆ ದಾರಿಯಿಲ್ಲ. ಬಿಟ್ ದರವನ್ನು ನಿಶ್ಚಯಿಸುವ ಮುನ್ನ, ಚಲನೆ ಅತ್ಯಧಿಕವಾಗಿರುವ ಹತ್ತು ಸೆಕೆಂಡುಗಳ ಭಾಗವನ್ನಷ್ಟೇ ಎಕ್ಸ್‌ಪೋರ್ಟ್ ಮಾಡಿ, ದೊಡ್ಡ ತೆರೆಯಲ್ಲಿ ಪರೀಕ್ಷಿಸಿರಿ.